ಸೆರಾಮಿಕ್ ತುಂಡಿನಿಂದ ನಾಲ್ಕು ಪೋರ್ಟಿನ ಆಂಟೆನಾ: ಹಂತ ಹಂತವಾಗಿ

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾಗುವ ಹೊತ್ತಿಗೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಡೈಎಲೆಕ್ಟ್ರಿಕ್ ರೆಸೊನೇಟರ್ ಆಂಟೆನಾ ಮಾಡ್ತಿದ್ದೀವಿ. ಒಂದು ಪೋರ್ಟಿಗೆ ಸರಿ ಬಂತು. ಎರಡು, ನಾಲ್ಕು ಪೋರ್ಟ್ ಮಾಡಿದ ಕೂಡಲೇ ಎಲ್ಲ ಕೆಡುತ್ತೆ. ಏನು ಮಾಡೋದು?" ಇನ್ನು ಕೆಲವರದು ಬೇರೆ ನೋವು. ಕಂಪ್ಯೂಟರ್‌ನಲ್ಲಿ 3.5 ಗಿಗಾಹರ್ಟ್ಸ್ ಬಂದದ್ದು ಬೋರ್ಡಿನಲ್ಲಿ 3.7 ಆಗಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆದಿದ್ದೇನೆ. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು ಓದಿ.

ಮೊದಲು ಹೆಸರು ಬಿಡಿಸೋಣ. ಡೈಎಲೆಕ್ಟ್ರಿಕ್ ಅಂದರೆ ಕರೆಂಟ್ ಹರಿಸದ ವಸ್ತು. ಇಲ್ಲಿ ಅದು ಬಿಳಿ ಸೆರಾಮಿಕ್. ರೆಸೊನೇಟರ್ ಅಂದರೆ ಒಂದು ನಿರ್ದಿಷ್ಟ ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಅನುರಣಿಸುವ ತುಂಡು. ಇಂಥ ತುಂಡನ್ನು ಲೋಹದ ಡಬ್ಬಿಯೊಳಗೆ ಮುಚ್ಚಿಟ್ಟರೆ ಫಿಲ್ಟರ್ ಆಗುತ್ತದೆ. ಡಬ್ಬಿ ತೆಗೆದು ತಾಮ್ರದ ಹಾಳೆಯ ಮೇಲೆ ಬಿಚ್ಚಿಟ್ಟರೆ ಗೋಡೆಗಳಿಂದ ಅಲೆ ಹೊರಗೆ ಬರುತ್ತದೆ. ಸೆರಾಮಿಕ್ ಹೀಗೆ ಅಲೆ ಹೊರಸೂಸುತ್ತದೆ ಅಂತ ಭೌತವಿಜ್ಞಾನಿ ರಿಚ್ಟ್‌ಮೈಯರ್ 1939ರಲ್ಲೇ ಲೆಕ್ಕದಿಂದ ತೋರಿಸಿದ್ದರು. ಆದರೆ ಅದನ್ನೇ ಆಂಟೆನಾ ಆಗಿ ಬಳಸಬಹುದು ಅಂತ ಲಾಂಗ್, ಮ್ಯಾಕ್‌ಅಲಿಸ್ಟರ್ ಮತ್ತು ಶೆನ್ ವಿವರವಾಗಿ ಬರೆದದ್ದು 1983ರಲ್ಲಿ. ಇನ್ನು ಮುಂದೆ ಇದನ್ನು ಡಿಆರ್‌ಎ ಅಂತಲೇ ಕರೆಯೋಣ.

ಪೋರ್ಟ್ ಅಂದರೆ ಸಿಗ್ನಲ್ ಒಳಗೆ ಹೋಗುವ, ಹೊರಗೆ ಬರುವ ಬಾಯಿ. ಈಗಿನ ಮೊಬೈಲ್, ರೂಟರ್‌ಗಳು ಒಂದೇ ಬ್ಯಾಂಡಿನಲ್ಲಿ ಒಂದೇ ಹೊತ್ತಿಗೆ ಹಲವು ಬಾಯಿಂದ ಬೇರೆ ಬೇರೆ ಡೇಟಾ ಕಳಿಸುತ್ತವೆ. ಇದಕ್ಕೆ ಮೈಮೋ ಅಂತ ಹೆಸರು. ಒಂದು ಬಾಯಿಯ ಮಾತು ಇನ್ನೊಂದು ಬಾಯಿಗೆ ಸೋರಬಾರದು. ಆ ಸೋರಿಕೆ ಎಷ್ಟು ಕಮ್ಮಿ ಇದೆ ಅನ್ನೋದೇ ಐಸೊಲೇಷನ್.

ಬೇಕಾಗುವ ಸಾಮಾನು: ಎರಡು ಅಲ್ಯುಮಿನಾ (ಆ ಬಿಳಿ ಸೆರಾಮಿಕ್) ಸಿಲಿಂಡರ್, ಎರಡೂ ಕಡೆ ತಾಮ್ರ ಇರುವ 1.6 ಮಿ.ಮೀ. ಎಫ್‌ಆರ್4 ಬೋರ್ಡ್, ನಾಲ್ಕು ಎಸ್‌ಎಂಎ ಕನೆಕ್ಟರ್, ಅಂಟು ಇರುವ ತಾಮ್ರದ ಟೇಪ್, 50 ಓಮ್ ಟರ್ಮಿನೇಷನ್ (ಖಾಲಿ ಪೋರ್ಟಿಗೆ ಹಚ್ಚುವ ಮುಚ್ಚಳ) ಕನಿಷ್ಠ ಎರಡು, ಡಿಜಿಟಲ್ ವರ್ನಿಯರ್, ಮತ್ತು 4 ಗಿಗಾಹರ್ಟ್ಸ್ ದಾಟಿ ಅಳೆಯುವ ವಿಎನ್‌ಎ. ವಿಎನ್‌ಎ ಅಂದರೆ ಪೋರ್ಟಿಗೆ ಸಿಗ್ನಲ್ ಕೊಟ್ಟು ಎಷ್ಟು ವಾಪಸ್ ಬಂತು, ಎಷ್ಟು ಪಕ್ಕದ ಪೋರ್ಟಿಗೆ ಹೋಯಿತು ಅಂತ ತೋರಿಸುವ ಯಂತ್ರ. ಇಲ್ಲೇ ಒಂದು ಎಚ್ಚರಿಕೆ. ಅಗ್ಗದ ನ್ಯಾನೊವಿಎನ್‌ಎಗಳಲ್ಲಿ ಜಾಸ್ತಿ ಮಾರಾಟವಾಗುವ ಹಳೆಯ ಮಾದರಿಗಳು 1.5 ಗಿಗಾಹರ್ಟ್ಸ್‌ಗೇ ನಿಲ್ಲುತ್ತವೆ. ನಮ್ಮ ಕೆಲಸಕ್ಕೆ ಅವು ಬರುವುದಿಲ್ಲ. ಲೈಟ್‌ವಿಎನ್‌ಎ 6.3 ಗಿಗಾಹರ್ಟ್ಸ್ ತನಕ ಹೋಗುತ್ತದೆ, ಅದು ಸಾಕು.

1. ಬ್ಯಾಂಡ್ ತೀರ್ಮಾನ ಮಾಡಿ, ಅಂಕಿ ಬರೆದಿಡಿ

"5ಜಿ ಆಂಟೆನಾ" ಅಂತಷ್ಟೇ ಬರೆದು ಮುಂದೆ ಹೋಗಬೇಡಿ. ನಮ್ಮ ದೇಶದಲ್ಲಿ 2022ರ ಹರಾಜಿನಲ್ಲಿ ಮಧ್ಯದ ಬ್ಯಾಂಡಾಗಿ ಮಾರಿದ್ದು 3300ರಿಂದ 3670 ಮೆಗಾಹರ್ಟ್ಸ್. ಅಗಲ 370 ಮೆಗಾಹರ್ಟ್ಸ್, ನಡು 3485. ಅಂದರೆ ನಿಮ್ಮ ಆಂಟೆನಾಕ್ಕೆ ಸುಮಾರು 10.6 ಶೇಕಡ ಬ್ಯಾಂಡ್‌ವಿಡ್ತ್ ಬೇಕು. ಈ 10.6 ಅನ್ನೋ ಅಂಕಿಯನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ಬರೆಯಿರಿ. ಮುಂದಿನ ಅರ್ಧ ತೀರ್ಮಾನ ಇದರ ಮೇಲೇ ನಿಂತಿದೆ.

ಇದು ಲೈಸೆನ್ಸ್ ಇರುವ ಬ್ಯಾಂಡ್. ವಿಎನ್‌ಎಯಿಂದ ಅಳೆಯುವುದಕ್ಕೆ ತೊಂದರೆ ಇಲ್ಲ, ಅದರ ಶಕ್ತಿ ತೀರಾ ಕಮ್ಮಿ. ಆಂಪ್ಲಿಫೈಯರ್ ಹಚ್ಚಿ ಪ್ರಸಾರ ಮಾಡಲು ಮಾತ್ರ ಹೋಗಬೇಡಿ. ನಿಜವಾಗಿ ಡೇಟಾ ಕಳಿಸಿ ತೋರಿಸಬೇಕು ಅಂದರೆ 5.8 ಗಿಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಬ್ಯಾಂಡಿಗೆ ಇದೇ ಆಕಾರವನ್ನು ಅಳತೆಯಲ್ಲಿ ಕುಗ್ಗಿಸಿ.

2. ವಸ್ತು ಆರಿಸಿ

ಪರ್ಮಿಟಿವಿಟಿ ಅನ್ನೋ ಸಂಖ್ಯೆ ಇಲ್ಲಿ ರಾಜ. ವಸ್ತುವಿನೊಳಗೆ ಅಲೆ ಎಷ್ಟು ಕುಗ್ಗುತ್ತದೆ ಅಂತ ಅದು ಹೇಳುತ್ತದೆ. ಗಾಳಿಗೆ 1, ಎಫ್‌ಆರ್4 ಬೋರ್ಡಿಗೆ ಸುಮಾರು 4.4, ಒಳ್ಳೆಯ ಅಲ್ಯುಮಿನಾಕ್ಕೆ ಸುಮಾರು 9.8. 3.5 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 86 ಮಿ.ಮೀ. ಇದ್ದರೆ ಅಲ್ಯುಮಿನಾದೊಳಗೆ 27 ಮಿ.ಮೀ. ಆಗುತ್ತದೆ. ಆಂಟೆನಾ ಚಿಕ್ಕದಾಗುವ ಗುಟ್ಟು ಇಷ್ಟೇ.

ಹಾಗಾದರೆ 30, 40 ಪರ್ಮಿಟಿವಿಟಿಯ ವಸ್ತು ತಂದರೆ ಇನ್ನೂ ಚಿಕ್ಕದಾಗುತ್ತದಲ್ವಾ? ಆಗುತ್ತದೆ. ಆದರೆ ಅಲೆ ಒಳಗೇ ಸಿಕ್ಕಿಕೊಂಡು ಹೊರಗೆ ಬರುವುದು ನಿಧಾನವಾಗಿ ಬ್ಯಾಂಡ್‌ವಿಡ್ತ್ ಕುಸಿಯುತ್ತದೆ. ನಮಗೆ 10.6 ಶೇಕಡ ಬೇಕು ಅನ್ನೋದನ್ನು ಮರೆಯಬೇಡಿ. ಈ ಬ್ಯಾಂಡಿಗೆ 10ರ ಆಸುಪಾಸು ಒಳ್ಳೆಯ ಆಯ್ಕೆ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕಡೆಯವರು ಕೇಳುವ ಇನ್ನೊಂದು ಪ್ರಶ್ನೆ: "ಕುಷ್ಟಗಿ ಕಡೆ ಗ್ರಾನೈಟ್ ಬೇಕಾದಷ್ಟಿದೆ. ಡೈಮಂಡ್ ಬಿಟ್ಟಿನಿಂದ ದುಂಡಗೆ ಕೊರೆಸಿದರೆ ಆಗಲ್ವಾ?" ಯೋಚನೆ ಚೆನ್ನಾಗಿದೆ, ನಿಜವಾಗಿ ಹೇಳುತ್ತಿದ್ದೇನೆ. ಆದರೆ ಗ್ರಾನೈಟಿನಲ್ಲಿ ಬೇರೆ ಬೇರೆ ಖನಿಜದ ಹರಳುಗಳು ಸೇರಿರುತ್ತವೆ. ಒಂದೇ ಚಪ್ಪಡಿಯ ಎರಡು ಮೂಲೆಯಲ್ಲಿ ಪರ್ಮಿಟಿವಿಟಿ ಬೇರೆ ಇರುತ್ತದೆ, ಅಲ್ಯುಮಿನಾಕ್ಕಿಂತ ಕಮ್ಮಿಯೂ ಇರುತ್ತದೆ, ನೀರಿನ ಪಸೆ ಹೀರಿದರೆ ನಷ್ಟವೂ ಜಾಸ್ತಿ. ಎರಡು ಸಿಲಿಂಡರ್ ಒಂದೇ ತರಹ ಇರಬೇಕಾದ ಕಡೆ ಇದು ಕೈಕೊಡುತ್ತದೆ. ಅಲ್ಯುಮಿನಾ ತುಂಡನ್ನೂ ಊರಲ್ಲೇ ಕೊರೆಸಲು ಹೋಗಬೇಡಿ. ಅದು ಗಟ್ಟಿ, ಆದರೆ ಪೆಡಸು. ಅಂಚು ಚಕ್ಕೆ ಏಳುತ್ತದೆ. ಸೆರಾಮಿಕ್ ತಯಾರಕರಿಗೇ ಅಳತೆ ಕೊಟ್ಟು, ತಳ ಲ್ಯಾಪ್ ಮಾಡಿ, ಅಂದರೆ ಉಜ್ಜಿ ಪೂರ್ತಿ ಸಪಾಟು ಮಾಡಿ ಕಳಿಸಿ ಅಂತ ಬರೆಯಿರಿ. ಎರಡೂ ತುಂಡು ಒಂದೇ ಬ್ಯಾಚಿನವು ಆಗಿರಲಿ.

3. ಸಿಲಿಂಡರ್ ಅಳತೆ ಲೆಕ್ಕ ಹಾಕಿ

ತಾಮ್ರದ ಹಾಳೆಯ ಮೇಲೆ ಕೂತ ಸಿಲಿಂಡರಿನಲ್ಲಿ ನಮಗೆ ಬೇಕಾದ ಅಲೆಯ ಆಕಾರಕ್ಕೆ ಎಚ್‌ಇ11ಡೆಲ್ಟಾ ಮೋಡ್ ಅಂತ ಹೆಸರು. ಮೋಡ್ ಅಂದರೆ ತುಂಡಿನೊಳಗೆ ಅಲೆ ನಿಲ್ಲುವ ಒಂದು ರೀತಿ. ಈ ಮೋಡ್ ಮುಖ್ಯವಾಗಿ ನೇರ ಮೇಲಕ್ಕೆ ಸೂಸುತ್ತದೆ. ಇದರ ಫ್ರೀಕ್ವೆನ್ಸಿಗೆ ಎಲ್ಲರೂ ಬಳಸುವ ಸೂತ್ರವನ್ನು ಮಾತಿನಲ್ಲಿ ಹೇಳುತ್ತೇನೆ.

ಮೊದಲು ಅನುಪಾತ ಕಂಡುಹಿಡಿಯಿರಿ: ತ್ರಿಜ್ಯ ÷ (2 × ಎತ್ತರ). ನಂತರ 0.27 + 0.36 × ಅನುಪಾತ + 0.02 × ಅನುಪಾತದ ವರ್ಗ. ಇದನ್ನು 6.324 ÷ √(ಪರ್ಮಿಟಿವಿಟಿ + 2) ಇಂದ ಗುಣಿಸಿ. ಬಂದದ್ದನ್ನು 47.7ರಿಂದ ಗುಣಿಸಿ, ಮಿ.ಮೀ. ಲೆಕ್ಕದ ತ್ರಿಜ್ಯದಿಂದ ಭಾಗಿಸಿ. ಸಿಗುವುದು ಗಿಗಾಹರ್ಟ್ಸ್.

ಮಾಡಿ ನೋಡೋಣ. ತ್ರಿಜ್ಯ 12.4, ಎತ್ತರ 10.3 ಮಿ.ಮೀ. ಅನುಪಾತ 0.602. 0.27ರಿಂದ ಶುರುವಾಗುವ ಮೊತ್ತ 0.494. ಪರ್ಮಿಟಿವಿಟಿ 9.8ಕ್ಕೆ ಗುಣಕ 1.841. ಗುಣಿಸಿದರೆ 0.909. 47.7 × 0.909 ÷ 12.4 = 3.5 ಗಿಗಾಹರ್ಟ್ಸ್. ಬಂತು ಅಂತ ಖುಷಿಪಟ್ಟು ಜಾಸ್ತಿ ಜನ ಇಲ್ಲೇ ನಿಲ್ಲುತ್ತಾರೆ. ತಪ್ಪು ಆಗೋದೇ ಇಲ್ಲಿ. ಈ ಆಕಾರದ ಕ್ಯೂ, ಅಂದರೆ ಅಲೆ ಎಷ್ಟು ಹೊತ್ತು ಒಳಗೆ ಉಳಿಯುತ್ತದೆ ಅನ್ನೋ ಅಳತೆ, ಸುಮಾರು 7.4. ಅದರಿಂದ ಸಿಗುವ ಬ್ಯಾಂಡ್‌ವಿಡ್ತ್ ಸುಮಾರು 9.6 ಶೇಕಡ. ನಮಗೆ ಬೇಕಿದ್ದದ್ದು 10.6. ಶುರುವಿನಲ್ಲೇ ಸಾಲದು!

ತ್ರಿಜ್ಯವೂ ಎತ್ತರವೂ ಹೆಚ್ಚುಕಡಿಮೆ ಸಮ ಇದ್ದಾಗ ಈ ಮೋಡಿನ ಕ್ಯೂ ಅತಿ ಜಾಸ್ತಿ ಇರುತ್ತದೆ. ಅದರಿಂದ ಎರಡೂ ಕಡೆ ದೂರ ಸರಿಯಬಹುದು. ರೊಟ್ಟಿ ಥರ ಚಪ್ಪಟೆ ಮಾಡಿ ತ್ರಿಜ್ಯ 16.4, ಎತ್ತರ 8.2 ಇಟ್ಟರೆ ಬ್ಯಾಂಡ್‌ವಿಡ್ತ್ ಸುಮಾರು 11.8 ಶೇಕಡ ಬರುತ್ತದೆ, ಆದರೆ ವ್ಯಾಸ 33 ಮಿ.ಮೀ. ಆಗಿಬಿಡುತ್ತದೆ. ಎತ್ತರ ಮಾಡಿ ತ್ರಿಜ್ಯ 9.6, ಎತ್ತರ 16 ಇಟ್ಟರೆ ಫ್ರೀಕ್ವೆನ್ಸಿ 3.475, ಬ್ಯಾಂಡ್‌ವಿಡ್ತ್ ಸುಮಾರು 10.8, ವ್ಯಾಸ ಬರೀ 19 ಮಿ.ಮೀ. ನಮ್ಮ ಗುರಿ ಚಿಕ್ಕ ಜಾಗದಲ್ಲಿ ನಾಲ್ಕು ಪೋರ್ಟ್. ಹಾಗಾಗಿ ಈ ಎತ್ತರದ್ದನ್ನೇ ಹಿಡಿಯೋಣ. ತೂಕ ಸುಮಾರು 18 ಗ್ರಾಂ. 10.8 ಅನ್ನೋದು ಅಂಚಿನ ಅಂಕಿ ಅಂತ ಗೊತ್ತಿರಲಿ. ಮುಂದಿನ ಹಂತದಲ್ಲಿ ಸ್ಲಾಟಿನಿಂದ ಸ್ವಲ್ಪ ಕೂಡಿಸಿಕೊಳ್ಳಬಹುದು. ಬೋರ್ಡಿನ ಮೇಲೆ 16 ಮಿ.ಮೀ. ಎತ್ತರ ಹಿಡಿಸುವುದಿಲ್ಲ ಅಂತಾದರೆ ಚಪ್ಪಟೆಯದ್ದೇ ನಿಮಗೆ ಸರಿ.

4. ಮೊದಲ ಪೋರ್ಟ್: ಕೆಳಗಿನಿಂದ ಸ್ಲಾಟ್

ಬೋರ್ಡಿನ ಮೇಲ್ಮೈ ಪೂರ್ತಿ ತಾಮ್ರ. ಅದೇ ಗ್ರೌಂಡ್ ಪ್ಲೇನ್. ಅದರಲ್ಲಿ ಸಣ್ಣ ಆಯತಾಕಾರದ ಕಿಂಡಿ ಕೊರೆದರೆ ಸ್ಲಾಟ್. ಬೋರ್ಡಿನ ಕೆಳಗಿನ ಮೈಯಲ್ಲಿ ಒಂದು ತಾಮ್ರದ ಗೆರೆ, ಅಂದರೆ ಮೈಕ್ರೊಸ್ಟ್ರಿಪ್ ಲೈನ್, ಸ್ಲಾಟನ್ನು ಅಡ್ಡವಾಗಿ ದಾಟುತ್ತದೆ. ಸಿಲಿಂಡರ್ ಸ್ಲಾಟಿನ ಮೇಲೆ ಸರಿ ನಡುವಿಗೆ ಕೂರುತ್ತದೆ.

ಶುರುವಿನ ಅಳತೆ: ಸ್ಲಾಟ್ ಉದ್ದ 12.9, ಅಗಲ 2.6 ಮಿ.ಮೀ. ಲೈನ್ ಅಗಲ 3 ಮಿ.ಮೀ., 1.6 ಎಫ್‌ಆರ್4ನಲ್ಲಿ ಅದು 50 ಓಮ್. ಸ್ಲಾಟ್ ದಾಟಿದ ಮೇಲೆ ಲೈನ್ ಸುಮಾರು 12 ಮಿ.ಮೀ. ಮುಂದೆ ಹೋಗಿ ನಿಲ್ಲಲಿ. ಆ ಬಾಲಕ್ಕೆ ಸ್ಟಬ್ ಅಂತ ಹೆಸರು. ಮ್ಯಾಚಿಂಗ್, ಅಂದರೆ ಸಿಗ್ನಲ್ ವಾಪಸ್ ಬರದೆ ಒಳಗೆ ಹೋಗುವುದು, ಸರಿಯಾಗದಿದ್ದರೆ ಮೊದಲು ಸ್ಟಬ್ ಉದ್ದವನ್ನು ಅರ್ಧ ಅರ್ಧ ಮಿ.ಮೀ. ಬದಲಿಸಿ, ಆಮೇಲೆ ಸ್ಲಾಟ್ ಉದ್ದ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಸ್ಲಾಟ್ ಉದ್ದ ಮಾಡುತ್ತಾ ಹೋದರೆ ಅದರ ಸ್ವಂತ ಅನುರಣನ ಬ್ಯಾಂಡಿನ ಹತ್ತಿರ ಬಂದು ಎರಡು ತಗ್ಗು (ಗ್ರಾಫಿನಲ್ಲಿ ವಾಪಸ್ ಬರುವ ಸಿಗ್ನಲ್ ತೀರಾ ಕಮ್ಮಿಯಾಗುವ ಜಾಗ) ಸೇರಿ ಬ್ಯಾಂಡ್‌ವಿಡ್ತ್ ಹಿಗ್ಗುತ್ತದೆ. ಸ್ವಲ್ಪ ಮಟ್ಟಿಗೆ ಇದು ಒಳ್ಳೆಯದೇ. ಜಾಸ್ತಿ ಆದರೆ ಸ್ಲಾಟ್ ತಾನೇ ಆಂಟೆನಾ ಆಗಿ ಬೋರ್ಡಿನ ಹಿಂದಕ್ಕೆ ಸೂಸಲು ಶುರುಮಾಡುತ್ತದೆ. ಎಸ್11 ಚೆಂದ ಕಾಣುತ್ತದೆ, ಮುಂದಿನ ಗೇನ್, ಅಂದರೆ ಮುಂದಕ್ಕೆ ಸೂಸುವ ಬಲ, ಬಿದ್ದಿರುತ್ತದೆ. ಎಸ್11 ಅಂದರೆ ಕೊಟ್ಟದ್ದರಲ್ಲಿ ವಾಪಸ್ ಬಂದ ಪಾಲು. −10 ಡಿಬಿ ಅಂದರೆ ಹತ್ತನೇ ಒಂದು ಭಾಗ ವಾಪಸ್.

ಸಿಮ್ಯುಲೇಷನ್ ಯಾವುದರಲ್ಲಿ ಮಾಡಿದರೂ ಆದೀತು. ಕಾಲೇಜಿನಲ್ಲಿ ಎಚ್‌ಎಫ್‌ಎಸ್‌ಎಸ್ ಅಥವಾ ಸಿಎಸ್‌ಟಿ ಇದ್ದರೆ ಸರಿ. ವಿದ್ಯಾರ್ಥಿ ಆವೃತ್ತಿಗಳಲ್ಲಿ ಮೆಶ್‌ಗೆ ಮಿತಿ ಇರುತ್ತದೆ. ಮೆಶ್ ಅಂದರೆ ಲೆಕ್ಕಕ್ಕಾಗಿ ಇಡೀ ಆಕಾರವನ್ನು ಒಡೆದ ಸಣ್ಣ ಸಣ್ಣ ತುಂಡುಗಳ ಜಾಲ. ಓಪನ್‌ಇಎಂಎಸ್ ಪೂರ್ತಿ ಉಚಿತ, ಆದರೆ ಕೋಡ್ ಬರೆಯಬೇಕು. ಸುತ್ತಲಿನ ಗಾಳಿಯ ಪೆಟ್ಟಿಗೆ ಕನಿಷ್ಠ ಕಾಲು ಅಲೆ, ಅಂದರೆ 22 ಮಿ.ಮೀ. ದೂರ ಇರಲಿ. ಸೆರಾಮಿಕ್ ಒಳಗೆ ಅಲೆ ಮೂರು ಪಟ್ಟು ಕುಗ್ಗಿರುತ್ತದೆ, ಹಾಗಾಗಿ ಅಲ್ಲಿ ಮೆಶ್ ಅಷ್ಟೇ ಸಣ್ಣಗಿರಬೇಕು. ಮೆಶ್ ಅರ್ಧಕ್ಕಿಳಿಸಿದರೂ ಫ್ರೀಕ್ವೆನ್ಸಿ ಕದಲದಿದ್ದರೆ ಮಾತ್ರ ಆ ಉತ್ತರ ನಂಬಿ. ಒಂದು ಪೋರ್ಟ್ ಪೂರ್ತಿ ಸರಿಯಾಗುವ ತನಕ ಎರಡನೆಯದನ್ನು ಮುಟ್ಟಬೇಡಿ.

5. ಎರಡನೇ ಪೋರ್ಟ್: ಅದೇ ಸಿಲಿಂಡರಿಗೆ, ಗೋಡೆಯಿಂದ

ಈ ಇಡೀ ಬರಹದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ನಿಧಾನವಾಗಿ ಓದಿ.

ಸಿಲಿಂಡರ್ ದುಂಡಗಿದೆ. ಹಾಗಾಗಿ ಎಚ್‌ಇ11ಡೆಲ್ಟಾ ಮೋಡ್ ಪೂರ್ವ–ಪಶ್ಚಿಮವಾಗಿಯೂ ನಿಲ್ಲಬಹುದು, ಉತ್ತರ–ದಕ್ಷಿಣವಾಗಿಯೂ ನಿಲ್ಲಬಹುದು. ಎರಡಕ್ಕೂ ಒಂದೇ ಫ್ರೀಕ್ವೆನ್ಸಿ. ಎರಡೂ ಒಂದಕ್ಕೊಂದು ಲಂಬ, ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಅಂದರೆ ಒಂದೇ ತುಂಡು ಎರಡು ಆಂಟೆನಾ ಆಗಬಲ್ಲದು. ಜಾಗ ಉಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಹಾಗಾದರೆ ಕೆಳಗೆ ಇನ್ನೊಂದು ಸ್ಲಾಟ್ ಅಡ್ಡವಾಗಿ ಹಾಕೋಣ ಅಂತ ಎಲ್ಲರೂ ಹೊರಡುತ್ತಾರೆ. 19 ಮಿ.ಮೀ. ವ್ಯಾಸದ ತಳದಲ್ಲಿ 13 ಮಿ.ಮೀ. ಉದ್ದದ ಎರಡು ಸ್ಲಾಟ್ ಬಿಡಿಸಿ ನೋಡಿ. ನಡುವೆ ಇಟ್ಟರೆ ಒಂದನ್ನೊಂದು ಕತ್ತರಿಸುತ್ತವೆ. ಪಕ್ಕಕ್ಕೆ ಸರಿಸಿದರೆ ಮೂಲೆಯಲ್ಲಿ ಮುಟ್ಟುತ್ತವೆ. ಅದಕ್ಕೇ ಎರಡನೇ ಪೋರ್ಟ್ ಬೇರೆ ಜಾತಿಯದ್ದಾಗಲಿ. ಸಿಲಿಂಡರಿನ ಗೋಡೆಗೆ ನೆಟ್ಟಗೆ ಅಂಟಿಸಿದ ತಾಮ್ರದ ಪಟ್ಟಿ.

ಪಟ್ಟಿ ಎಲ್ಲಿ ಅಂಟಿಸಬೇಕು ಅನ್ನೋದೇ ಮುಖ್ಯ. ಸ್ಲಾಟಿನ ಉದ್ದದ ಗೆರೆಯನ್ನು ಪೆನ್ಸಿಲಿನಿಂದ ಮುಂದಕ್ಕೆ ಎಳೆಯಿರಿ. ಆ ಗೆರೆ ಸಿಲಿಂಡರಿನ ಗೋಡೆಯನ್ನು ಎಲ್ಲಿ ಮುಟ್ಟುತ್ತದೋ ಪಟ್ಟಿ ಅಲ್ಲೇ ಇರಬೇಕು. ಯಾಕೆ? ಸ್ಲಾಟ್ ಎಬ್ಬಿಸುವ ಅಲೆಯ ನೆಟ್ಟಗಿನ ವಿದ್ಯುತ್ ಕ್ಷೇತ್ರ ಆ ಗೆರೆಯ ಒಂದು ಪಕ್ಕ ಮೇಲ್ಮುಖ, ಇನ್ನೊಂದು ಪಕ್ಕ ಕೆಳಮುಖ. ಗೆರೆಯ ಮೇಲೆ ಸರಿಯಾಗಿ ಸೊನ್ನೆ. ಸೊನ್ನೆ ಇರುವ ಕಡೆ ನಿಂತ ಪಟ್ಟಿಗೆ ಸ್ಲಾಟಿನ ಸದ್ದೇ ಕೇಳಿಸುವುದಿಲ್ಲ. ಹಾಗೇ ಪಟ್ಟಿ ಎಬ್ಬಿಸುವ ಅಲೆ ಗೆರೆಯ ಎರಡೂ ಪಕ್ಕ ಸಮ, ಅದು ಸ್ಲಾಟನ್ನು ಎಬ್ಬಿಸಲಾರದು. ಪಟ್ಟಿಯಿಂದ ಜೊತೆಗೆ ಏಳುವ ಬೇಡದ ಮೋಡ್‌ಗಳಿಗೂ ಇದೇ ನಿಯಮ. ಐಸೊಲೇಷನ್ ದೂರದಿಂದಲ್ಲ, ದಿಕ್ಕಿನಿಂದಲೇ ಸಿಕ್ಕಿತು.

ಪಟ್ಟಿಯ ಅಗಲ 1.5, ಉದ್ದ 10 ಮಿ.ಮೀ.ಯಿಂದ ಶುರುಮಾಡಿ 6ರಿಂದ 14ರ ತನಕ ಸಿಮ್ಯುಲೇಷನ್‌ನಲ್ಲಿ ಓಡಿಸಿ. ಅದಕ್ಕೆ ಸಿಗ್ನಲ್ ಬೋರ್ಡಿನ ಕೆಳಗಿನ ಇನ್ನೊಂದು ಲೈನಿನಿಂದ ಒಂದು ಸಣ್ಣ ಪಿನ್ ಮೂಲಕ ಬರುತ್ತದೆ. ಪಿನ್ ಹೊರಡುವ ಕಡೆ ಗ್ರೌಂಡ್ ತಾಮ್ರದಲ್ಲಿ ಸುಮಾರು 4 ಮಿ.ಮೀ. ದುಂಡಗಿನ ಜಾಗ ಬಿಡಿ, ಇಲ್ಲವಾದರೆ ಶಾರ್ಟ್. ಪಟ್ಟಿ ಒಂದು ಮಿ.ಮೀ. ಪಕ್ಕಕ್ಕೆ ಹೋದರೂ ಆ ಸೊನ್ನೆಯ ಗೆರೆ ತಪ್ಪುತ್ತದೆ, ಐಸೊಲೇಷನ್ ಕಣ್ಣೆದುರೇ ಇಳಿಯುತ್ತದೆ. ಸಿಲಿಂಡರ್ ಮೇಲೆ ಮಾರ್ಕ್ ಮಾಡಿಕೊಂಡೇ ಅಂಟಿಸಿ. ಪಟ್ಟಿಯ ಪೋರ್ಟಿನ ತಗ್ಗು ಸ್ಲಾಟಿನ ಪೋರ್ಟಿನ ತಗ್ಗಿಗಿಂತ ಸ್ವಲ್ಪ ಆಚೀಚೆ ಬೀಳುವುದು ಸಹಜ. ಎರಡೂ ಇಡೀ ಬ್ಯಾಂಡನ್ನು ಮುಚ್ಚುತ್ತವಾ ಅಂತ ನೋಡಿ, ಸಾಕು.

6. ಎರಡು ಸಿಲಿಂಡರ್, ನಾಲ್ಕು ಪೋರ್ಟ್

ಎರಡನೇ ಸಿಲಿಂಡರನ್ನು ಅರ್ಧ ಅಲೆಯ ದೂರದಲ್ಲಿ, ಅಂದರೆ ನಡುವಿನಿಂದ ನಡುವಿಗೆ 43 ಮಿ.ಮೀ.ಗೆ ಇಡಿ. ಬೋರ್ಡ್ ಸುಮಾರು 90 × 50 ಮಿ.ಮೀ. ಆಗುತ್ತದೆ.

ನಾಲ್ಕು ಪೋರ್ಟಿಗೆ ಆರು ಜೋಡಿ. ಎಲ್ಲಕ್ಕೂ ಒಟ್ಟಿಗೆ ಹೆದರಬೇಡಿ, ವಿಂಗಡಿಸಿ. ಒಂದೇ ಸಿಲಿಂಡರಿನೊಳಗಿನ ಎರಡು ಜೋಡಿ ಹಿಂದಿನ ಹಂತದಲ್ಲೇ ಸರಿಹೋಗಿವೆ. ಬೇರೆ ಸಿಲಿಂಡರಿನ, ದಿಕ್ಕು ಲಂಬವಾಗಿರುವ ಎರಡು ಜೋಡಿ ತಾನಾಗೇ ಸುಮ್ನೆ ಇರುತ್ತವೆ. ಉಳಿದದ್ದು ದಿಕ್ಕು ಒಂದೇ ಇರುವ ಎರಡು ಜೋಡಿ. ಅದರಲ್ಲೂ ವಿದ್ಯುತ್ ಕ್ಷೇತ್ರ ಪಕ್ಕದ ಸಿಲಿಂಡರಿನ ಕಡೆಗೇ ಮುಖ ಮಾಡಿರುವ ಜೋಡಿ ಕೆಟ್ಟದ್ದು. ಆ ದಿಕ್ಕಿನಲ್ಲಿ ಈ ಮೋಡ್ ತಾಮ್ರದ ಮೈಯುದ್ದಕ್ಕೂ ಸೂಸುತ್ತದೆ. ಇನ್ನೊಂದು ದಿಕ್ಕಿನಲ್ಲಿ ತಾಮ್ರದ ಹತ್ತಿರ ಬಂದ ಹಾಗೆ ಸೊರಗುತ್ತದೆ.

ಇಲ್ಲಿ ಒಂದು ಸುಲಭದ ಉಪಾಯ ಇದೆ. ಎರಡೂ ಸಿಲಿಂಡರಿನ ಸ್ಲಾಟ್ ಮತ್ತು ಪಟ್ಟಿಯನ್ನು 45 ಡಿಗ್ರಿ ತಿರುಗಿಸಿ. ಮೊಬೈಲ್ ಟವರಿನ ಉದ್ದನೆಯ ಪ್ಯಾನೆಲ್ ಒಳಗಿನ ಆಂಟೆನಾಗಳು ಹೀಗೇ ಓರೆಯಾಗಿರುತ್ತವೆ. ತಿರುಗಿಸಿದರೆ ಆ ಒಂದು ಕೆಟ್ಟ ಜೋಡಿಯ ಸೋರಿಕೆ ನಾಲ್ಕು ಜೋಡಿಗೆ ಹಂಚಿಹೋಗುತ್ತದೆ. ಒಳ್ಳೆಯ ಜೋಡಿಗಳು ಸ್ವಲ್ಪ ಕೆಡುತ್ತವೆ, ಆದರೆ ಅತಿ ಕೆಟ್ಟದ್ದು ಗರಿಷ್ಠ 6 ಡಿಬಿ ತನಕ ಸುಧಾರಿಸುತ್ತದೆ. ಸಿಸ್ಟಮ್ ನಡೆಯುವುದು ಅತಿ ಕೆಟ್ಟ ಜೋಡಿಯ ಮೇಲೆ, ಹಾಗಾಗಿ ಇದು ಲಾಭದ ವ್ಯಾಪಾರ.

ಗುರಿ ಎಷ್ಟು? −15 ಡಿಬಿ ಅಂದರೆ ಸುಮಾರು 3 ಶೇಕಡ ಶಕ್ತಿ ಸೋರುತ್ತಿದೆ, −20 ಅಂದರೆ 1 ಶೇಕಡ. ಎಲ್ಲ ಜೋಡಿಯೂ −20ರ ಕೆಳಗೆ ಬಂದರೆ ನಿಲ್ಲಿಸಿ. ಬರದಿದ್ದರೆ ಮಾತ್ರ ಎರಡು ಸಿಲಿಂಡರಿನ ನಡುವೆ ಗ್ರೌಂಡಿನಲ್ಲಿ ಒಂದು ಸೀಳು ಹಾಕಿ ನೋಡಿ. ಸೀಳು ತಾಮ್ರದ ಮೇಲೆ ಹರಿಯುವ ಕರೆಂಟಿಗೆ ಅಡ್ಡ ನಿಲ್ಲುತ್ತದೆ. ಆದರೆ ಅದೂ ಹಿಂದಕ್ಕೆ ಸೂಸುತ್ತದೆ, ಕೆಳಗಿನ ಯಾವ ಲೈನೂ ಅದನ್ನು ದಾಟಬಾರದು. ದಿಕ್ಕು ಸರಿ ಮಾಡದೆ ಮೊದಲೇ ಸೀಳು, ಉಂಗುರ, ಚಿತ್ತಾರ ಕೊರೆಯಲು ಕೂರುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರ. ತಿಂಗಳುಗಟ್ಟಲೆ ಆಪ್ಟಿಮೈಸ್ ಮಾಡಿ 3 ಡಿಬಿ ಗಳಿಸುತ್ತಾರೆ. 45 ಡಿಗ್ರಿ ತಿರುಗಿಸಿದ್ದರೆ ಒಂದು ಮಧ್ಯಾಹ್ನದ ಕೆಲಸ.

ಗ್ರೌಂಡನ್ನು ಎರಡು ತುಂಡು ಮಾಡಿ "ಐಸೊಲೇಷನ್ 35 ಡಿಬಿ" ಅಂತ ತೋರಿಸಬೇಡಿ. ನಿಜವಾದ ರೇಡಿಯೊ ಬೋರ್ಡಿನಲ್ಲಿ ನಾಲ್ಕೂ ಪೋರ್ಟಿಗೆ ಒಂದೇ ಗ್ರೌಂಡ್ ಇರುತ್ತದೆ. ಬೇರೆ ಬೇರೆ ಗ್ರೌಂಡಿನ ಅಂಕಿ ಅಲ್ಲಿ ಉಳಿಯುವುದಿಲ್ಲ.

7. ಅಂಟಿಸುವುದು: ಜಾಸ್ತಿ ಪ್ರಾಜೆಕ್ಟ್ ಕೆಡುವ ಜಾಗ

ಜೋಳದ ರೊಟ್ಟಿ ಹಂಚಿಗೆ ಪೂರ್ತಿ ಅಂಟಿ ಕೂತರೆ ಸಮನಾಗಿ ಬೇಯುತ್ತದೆ. ಒಂದು ಕಡೆ ಗಾಳಿ ಸಿಕ್ಕಿದರೆ ಅಲ್ಲಿ ಹಸಿ. ಸಿಲಿಂಡರ್ ತಾಮ್ರದ ಮೇಲೆ ಕೂರುವುದೂ ಹಾಗೇ.

ತಳದ ಹತ್ತಿರ ವಿದ್ಯುತ್ ಕ್ಷೇತ್ರ ತಾಮ್ರಕ್ಕೆ ನೆಟ್ಟಗೆ ನಿಂತಿರುತ್ತದೆ. ನಡುವೆ 0.2 ಮಿ.ಮೀ. ಗಾಳಿ ಸಿಕ್ಕರೆ ಅದು ಕ್ಷೇತ್ರದ ಪಾಲಿಗೆ ಸುಮಾರು 2 ಮಿ.ಮೀ. ಸೆರಾಮಿಕ್ಕಿನಷ್ಟು ದಪ್ಪ, ಯಾಕೆಂದರೆ ಪರ್ಮಿಟಿವಿಟಿ ಹತ್ತು ಪಟ್ಟು ಕಮ್ಮಿ. ಫ್ರೀಕ್ವೆನ್ಸಿ ಮೇಲಕ್ಕೆ ಜಾರುತ್ತದೆ. ನಾನು ಮೊದಲು ಮಾಡಿದ 10 ಮಿ.ಮೀ. ಎತ್ತರದ ತುಂಡನ್ನು ಎರಡೂ ಕಡೆ ಅಂಟುವ ಟೇಪಿನಿಂದ ಕೂರಿಸಿದ್ದೆ. 3.5ರಲ್ಲಿ ಇರಬೇಕಾದ ತಗ್ಗು 3.7ರ ಹತ್ತಿರ ಇತ್ತು. ವಾರಗಟ್ಟಲೆ ಸಿಮ್ಯುಲೇಷನ್ ಫೈಲನ್ನೇ ಅನುಮಾನಿಸಿದೆ. ಟೇಪ್ ಕಿತ್ತು ಬೆರಳಿನಿಂದ ಒತ್ತಿ ಹಿಡಿದಾಗ ತಗ್ಗು ಕೆಳಗೆ ಸರಿದು ತನ್ನ ಜಾಗಕ್ಕೆ ಬಂತು.

ಹೀಗೆ ಮಾಡಿ. ಬೋರ್ಡ್ ಆರ್ಡರ್ ಮಾಡುವಾಗ ಸಿಲಿಂಡರ್ ಕೂರುವ ವೃತ್ತದಲ್ಲಿ ಹಸಿರು ಸೋಲ್ಡರ್ ಮಾಸ್ಕ್ ಲೇಪ ಬೇಡ ಅಂತ ಬರೆಯಿರಿ. ಸ್ಲಾಟಿನ ಅಂಚಿನ ತಾಮ್ರದ ಚೂರುಗಳನ್ನು ಸಣ್ಣ ಎಮರಿ ಕಾಗದದಿಂದ ತೆಗೆಯಿರಿ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಎರಡೂ ಮೈ ಒರೆಸಿ. ನಮ್ಮ ಸಂಡೂರು, ತೋರಣಗಲ್ಲು ಕಡೆಯ ಕೆಂಪು ದೂಳು ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕೂರುತ್ತದೆ, ಒಂದು ಕಣ ಸಾಕು ಸಿಲಿಂಡರ್ ಎತ್ತಲು. ಇನ್ನು ಸಿಲಿಂಡರ್ ಇಟ್ಟು, ಎ4 ಹಾಳೆಯ ಸಣ್ಣ ಚೂರನ್ನು ಸುತ್ತಲೂ ತಳಕ್ಕೆ ತೂರಿಸಿ ನೋಡಿ. ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಎಲ್ಲಿಯಾದರೂ ಒಳಗೆ ಹೋಯಿತು ಅಂದರೆ ಅಲ್ಲಿ ಕೆಲಸ ಬಾಕಿ ಇದೆ. ಎಲ್ಲೂ ಹೋಗದಿದ್ದರೆ ಹೊರಗಿನ ಅಂಚಿಗೆ ಮೂರು ಕಡೆ ಅಂಟಿನ ಚುಕ್ಕೆ ಇಡಿ. ತಳದ ಅಡಿಗೆ ಅಂಟು ಬೇಡವೇ ಬೇಡ. ಅಂಟು ಒಣಗುವ ತನಕ ಮೇಲೆ ಒಂದು ತೂಕ ಇಟ್ಟಿರಿ.

ಕನೆಕ್ಟರ್ ಬಿಗಿಮಾಡುವಾಗ ಬೋರ್ಡ್ ಬಾಗಿದರೆ ಸಿಲಿಂಡರಿನ ಅಂಚು ಏಳುತ್ತದೆ. 0.8 ಬೋರ್ಡ್ ಬಿಟ್ಟು 1.6 ಹೇಳಿದ್ದು ಇದಕ್ಕೇ.

8. ಅಳೆಯುವುದು

ಕೇಬಲ್ಲಿನ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿ, ಯಂತ್ರದ ಬಾಯಲ್ಲಿ ಅಲ್ಲ. ಎರಡು ಪೋರ್ಟಿಗೆ ಕೇಬಲ್ ಹಚ್ಚಿದಾಗ ಉಳಿದ ಎರಡಕ್ಕೆ 50 ಓಮ್ ಟರ್ಮಿನೇಷನ್ ಹಚ್ಚಲೇಬೇಕು. ಖಾಲಿ ಬಿಟ್ಟರೆ ಅಲ್ಲಿಂದ ಅಲೆ ವಾಪಸ್ ಪುಟಿದು ಎಲ್ಲ ಅಂಕಿ ಸುಳ್ಳಾಗುತ್ತದೆ. ಸಣ್ಣ ವಿಎನ್‌ಎಗಳು ಒಂದೇ ಕಡೆಯಿಂದ ಅಳೆಯುತ್ತವೆ, ಹಾಗಾಗಿ ಕೇಬಲ್ ಅದಲುಬದಲು ಮಾಡಿ ಇನ್ನೊಮ್ಮೆ ತೆಗೆಯಿರಿ. ಆರು ಜೋಡಿಗೂ ಬೇರೆ ಬೇರೆ ಫೈಲ್, ಹೆಸರಿನಲ್ಲಿ ಪೋರ್ಟ್ ನಂಬರ್.

ಅಳೆಯುತ್ತಿರುವಾಗಲೇ ಕೇಬಲನ್ನು ಕೈಯಿಂದ ಹಿಡಿದು ನೋಡಿ. ಪರದೆಯ ಗೆರೆ ಕುಣಿದರೆ ಕೇಬಲ್ಲೂ ಆಂಟೆನಾದ ಭಾಗವಾಗಿದೆ ಅಂತ ಅರ್ಥ. ಗ್ರೌಂಡ್ ಚಿಕ್ಕದಾಯಿತು, ಅಥವಾ ಕನೆಕ್ಟರಿನ ಗ್ರೌಂಡ್ ಬೆಸುಗೆ ಸರಿ ಕೂತಿಲ್ಲ.

9. ಮೈಮೋ ಅಂಕಿಗಳು

ಇಸಿಸಿ ಅಂದರೆ ಎರಡು ಪೋರ್ಟಿನ ವಿಕಿರಣದ ಆಕಾರ ಎಷ್ಟು ಒಂದೇ ತರಹ ಇದೆ ಅನ್ನೋ ಸಂಖ್ಯೆ. 0 ಅಂದರೆ ಪೂರ್ತಿ ಬೇರೆ, 1 ಅಂದರೆ ಒಂದೇ. 0.5ರ ಕೆಳಗಿದ್ದರೆ ಕೆಲಸ ನಡೆಯುತ್ತದೆ ಅನ್ನುತ್ತಾರೆ. ನೀವು 0.05ರ ಕೆಳಗೆ ಗುರಿ ಇಡಿ.

ಎಸ್ ಪ್ಯಾರಾಮೀಟರ್‌ಗಳಿಂದ (ಎಸ್11 ಮತ್ತು ಪೋರ್ಟ್‌ಗಳ ನಡುವಿನ ಸೋರಿಕೆಯ ಅಳತೆಗಳಿಂದ) ಇಸಿಸಿ ತೆಗೆಯುವ ಸುಲಭ ಸೂತ್ರ ಇದೆ. ಆದರೆ ಅದು ನಷ್ಟವೇ ಇಲ್ಲದ ಆಂಟೆನಾಕ್ಕೆ ಮಾತ್ರ ಸರಿ. ನಿಮ್ಮ ಎಫ್‌ಆರ್4 ಶಕ್ತಿಯನ್ನು ಬಿಸಿಯಾಗಿ ತಿನ್ನುತ್ತದೆ. ತಿಂದದ್ದು ಪಕ್ಕದ ಪೋರ್ಟಿಗೂ ಹೋಗುವುದಿಲ್ಲ, ವಾಪಸ್ಸೂ ಬರುವುದಿಲ್ಲ. ಹಾಗಾಗಿ ಕೆಟ್ಟ ಆಂಟೆನಾದ ಎಸ್11, ಐಸೊಲೇಷನ್, ಇಸಿಸಿ ಮೂರೂ ಸುಂದರವಾಗಿ ಕಾಣುತ್ತವೆ. ಫಾರ್ ಫೀಲ್ಡ್, ಅಂದರೆ ದೂರದಲ್ಲಿ ಹರಡಿದ ಅಲೆಯ ಲೆಕ್ಕದಿಂದಲೇ ಇಸಿಸಿ ತೆಗೆಯಿರಿ. ಪಕ್ಕದಲ್ಲಿ ಎಫಿಶಿಯೆನ್ಸಿಯನ್ನೂ, ಅಂದರೆ ಕೊಟ್ಟ ಶಕ್ತಿಯಲ್ಲಿ ಅಲೆಯಾಗಿ ಹೊರಗೆ ಹೋದ ಪಾಲನ್ನೂ ಬರೆಯಿರಿ. ಎಫಿಶಿಯೆನ್ಸಿ ಇಲ್ಲದ ಐಸೊಲೇಷನ್ ಗ್ರಾಫನ್ನು ನಾನು ನಂಬುವುದಿಲ್ಲ.

ಡೈವರ್ಸಿಟಿ ಗೇನ್ ಅಂತ ಇನ್ನೊಂದು ಗ್ರಾಫ್ ಎಲ್ಲರೂ ಹಾಕುತ್ತಾರೆ. ಅದು ಇಸಿಸಿಯಿಂದಲೇ ಬರುವ ಅಂಕಿ. ಇಸಿಸಿ 0.05 ಇದ್ದರೆ 9.99 ಡಿಬಿ, 0.3 ಇದ್ದರೂ 9.54. ಹೊಸದೇನೂ ಹೇಳುವುದಿಲ್ಲ, ಒಂದು ಸಾಲಿನಲ್ಲಿ ಮುಗಿಸಿ. ಅದರ ಬದಲು ಚಾನೆಲ್ ಕೆಪಾಸಿಟಿ ಲಾಸ್ ಹಾಕಿ. ಸೋರಿಕೆಯಿಂದ ಎಷ್ಟು ಡೇಟಾ ಕಳೆದುಹೋಯಿತು ಅಂತ ಅದು ಹೇಳುತ್ತದೆ. ಸೆಕೆಂಡಿಗೆ ಪ್ರತಿ ಹರ್ಟ್ಸ್‌ಗೆ 0.4 ಬಿಟ್‌ಗಿಂತ ಕಮ್ಮಿ ಇರಬೇಕು.

10. ಬಿಸಿಲಿನಲ್ಲಿ ಒಮ್ಮೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಆಂಟೆನಾ ಮಾಳಿಗೆಯ ಮೇಲೆ ಇರುವುದಾದರೆ ಬೋರ್ಡ್ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಅಲ್ಯುಮಿನಾ ಸ್ವತಃ ಅಷ್ಟಾಗಿ ಬದಲಾಗುವುದಿಲ್ಲ. 20 ಡಿಗ್ರಿ ಏರಿದರೆ ಫ್ರೀಕ್ವೆನ್ಸಿ ಕೆಲವೇ ಮೆಗಾಹರ್ಟ್ಸ್ ಕೆಳಗಿಳಿಯುತ್ತದೆ. ಸೋಲುವುದು ಅಂಟು, ಮತ್ತು ಗೋಡೆಯ ತಾಮ್ರದ ಟೇಪು. ಮಧ್ಯಾಹ್ನ ಎರಡು ಗಂಟೆ ಕಾಲ ಬೋರ್ಡನ್ನು ಬಿಸಿಲಿಗಿಟ್ಟು, ಒಳಗೆ ತಂದ ಕೂಡಲೇ ಅಳೆಯಿರಿ. ತಗ್ಗು ಕೆಲವು ಮೆಗಾಹರ್ಟ್ಸ್ ಬದಲು ಐವತ್ತು, ನೂರು ಮೇಲಕ್ಕೆ ಹೋಗಿದ್ದರೆ ಸಿಲಿಂಡರ್ ಎದ್ದಿದೆ. ಎ4 ಹಾಳೆಯ ಚೂರನ್ನು ಮತ್ತೆ ಕೈಗೆತ್ತಿಕೊಳ್ಳಿ. ವಿಎನ್‌ಎಯನ್ನು ಮಾತ್ರ ಬಿಸಿಲಿಗೆ ಒಯ್ಯಬೇಡಿ. ಎಸಿ ಕೋಣೆಯಲ್ಲಿ ಮಾಡಿದ ಕ್ಯಾಲಿಬ್ರೇಷನ್ ಹೊರಗಿನ ಬಿಸಿಗೆ ನಿಲ್ಲುವುದಿಲ್ಲ. ಒಯ್ಯಲೇಬೇಕಾದರೆ ಅಲ್ಲೇ ಹತ್ತಿಪ್ಪತ್ತು ನಿಮಿಷ ಬಿಟ್ಟು, ಹೊಸದಾಗಿ ಕ್ಯಾಲಿಬ್ರೇಟ್ ಮಾಡಿ ಅಳೆಯಿರಿ.